ತೀರಿದ ಸಾಲ ಸಿಬಿಲ್‌ನಲ್ಲಿ ಯಾಕೆ ತೀರುವುದಿಲ್ಲ?

ದಕ್ಷಿಣ ಕನ್ನಡ ಮತ್ತು ಉಡುಪಿ–ಚಿಕ್ಕಮಗಳೂರು ಕ್ಷೇತ್ರಗಳ ಲೋಕಸಭಾ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ನಡೆಸುವ ಜಿಲ್ಲಾ ಮಟ್ಟದ ಪರಿಶೀಲನಾ ಸಭೆಗೆ ಮೂರು ತಿಂಗಳಿಗೊಮ್ಮೆ ಸಂಸದರಿಗೂ ಕರೆ ಇರುತ್ತದೆ. ಮುಂದಿನ ಸಭೆಯಲ್ಲಿ ತಾವು ಒಂದು ಲೆಕ್ಕ ಕೇಳಬೇಕು. ಸಾಲ ತೀರಿಸಿಯೂ ಸಿಬಿಲ್ ವರದಿಯಲ್ಲಿ, ಅಂದರೆ ಯಾರು ಸಾಲ ಪಡೆದು ಹೇಗೆ ತೀರಿಸಿದರು ಎಂಬ ದಾಖಲೆಯಲ್ಲಿ, ಬಾಕಿದಾರರಾಗಿ ಉಳಿದವರು ಎಷ್ಟು ದೂರು ಕೊಟ್ಟಿದ್ದಾರೆ, ಎಷ್ಟು ಸರಿಯಾಗಿದೆ?

ಈ ತೊಂದರೆಗೆ ಕರಾವಳಿಯಲ್ಲಿ ಒಂದು ಹೆಚ್ಚಿನ ಕಾರಣವಿದೆ. ಇಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾವನ್ನೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನೂ ಸೇರಿದವು. ಕಪಾಟಿನಲ್ಲಿರುವ ಪಾಸ್‌ಬುಕ್ಕಿನ ಮೇಲೆ ಒಂದು ಹೆಸರು, ವರದಿಯಲ್ಲಿ ಇನ್ನೊಂದು. ಯಾವುದೇ ವಿಲೀನದಲ್ಲಿ ಸಾಲದ ಖಾತೆಯ ಸಂಖ್ಯೆ ಬದಲಾಗಿ, ಹಳೆಯ ಸಂಖ್ಯೆ ಮುಚ್ಚಿತೆಂದು ತಿಳಿಸುವುದು ಬಿಟ್ಟುಹೋದರೆ ಒಂದೇ ಸಾಲ ಎರಡಾಗಿ ಕಾಣುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಎರಡರಲ್ಲೂ ಸಾಲ ಕೊಟ್ಟ ದಿನಾಂಕ, ಮಂಜೂರಾದ ಮೊತ್ತ ಒಂದೇ ಇರುತ್ತವೆ. ಹಳೆಯದರ ‘ಡೇಟ್ ರಿಪೋರ್ಟೆಡ್’ (ಬ್ಯಾಂಕ್ ಕೊನೆಯದಾಗಿ ಮಾಹಿತಿ ಕಳಿಸಿದ ದಿನ) ಮಾತ್ರ ಎಷ್ಟೋ ವರ್ಷ ಹಿಂದೆ ನಿಂತುಬಿಟ್ಟಿರುತ್ತದೆ.

ಇದಕ್ಕಿಂತ ಸಾಮಾನ್ಯವಾದದ್ದು ಚಿಲ್ಲರೆ ಬಾಕಿ. ಕೊನೆಯ ಕಂತು ಕಟ್ಟಿದ ದಿನದವರೆಗಿನ ಬಡ್ಡಿ, ಆಮೇಲೆ ಖಾತೆಗೆ ಬಿದ್ದ ವಿಮೆಯ ಕಂತು, ಯಾವುದೋ ಶುಲ್ಕ, ಹೀಗೆ ಮೂವತ್ತೋ ನಲವತ್ತೋ ರೂಪಾಯಿ ಉಳಿಯುತ್ತದೆ. ಸಾಲಗಾರರು ಮುಗಿಯಿತೆಂದುಕೊಂಡು ಮನೆಗೆ ಹೋಗುತ್ತಾರೆ, ಕಂಪ್ಯೂಟರಿನಲ್ಲಿ ಖಾತೆ ತೆರೆದೇ ಇರುತ್ತದೆ. ವರದಿಯ ‘ಡಿಪಿಡಿ’ (ಡೇಸ್ ಪಾಸ್ಟ್ ಡ್ಯೂ) ಕಾಲಂ ಲೆಕ್ಕ ಹಾಕುವುದು ಸುಸ್ತಿಯಾದ ದಿನಗಳನ್ನು, ರೂಪಾಯಿಯನ್ನಲ್ಲ. ಹಾಗಾಗಿ ನಲವತ್ತು ರೂಪಾಯಿಯ ಬಾಕಿಯೂ ನಾಲ್ಕು ಲಕ್ಷದ ಬಾಕಿಯೂ ಆ ಕಾಲಂನಲ್ಲಿ ಒಂದೇ ತರಹ ಬೆಳೆಯುತ್ತವೆ. ಕೊನೆಯ ಕಂತಿನ ರಸೀದಿಯೊಂದೇ ಇದ್ದರೆ ಸಾಲದು. ಬಾಕಿ ಸೊನ್ನೆ, ಖಾತೆ ಮುಚ್ಚಲಾಗಿದೆ ಎಂದು ದಿನಾಂಕ ಹಾಕಿ ಸೀಲು ಒತ್ತಿದ ಪತ್ರ ಬೇಕು, ಸೊನ್ನೆ ತೋರಿಸುವ ಸ್ಟೇಟ್‌ಮೆಂಟ್ ಬೇಕು.

ಒಂದೇ ಹೆಸರಿನ ಇಬ್ಬರ ಸಾಲ ಒಬ್ಬರ ತಲೆಗೆ ಬರುವುದೂ ಉಂಟು. ಹಳೆಯ ಸಾಲದ ಕಡತದಲ್ಲಿ ಪ್ಯಾನ್ ಇಲ್ಲದೆ, ಇನಿಷಿಯಲ್ ಒಂದೊಂದು ಕಡೆ ಒಂದೊಂದು ರೀತಿ ಇದ್ದರೆ ಹೀಗಾಗುತ್ತದೆ. ಇನ್ನು ಜಾಮೀನು ಹಾಕಿದ ಸಾಲ ನಮ್ಮ ವರದಿಯಲ್ಲಿ ಕಂಡರೆ ಅದು ತಪ್ಪಲ್ಲ. ‘ಓನರ್‌ಶಿಪ್’ ಕಾಲಂನಲ್ಲಿ ‘ಗ್ಯಾರಂಟರ್’ ಎಂದಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ತಪ್ಪಲ್ಲದ್ದು ಇನ್ನೊಂದಿದೆ. ಒಟಿಎಸ್‌ನಲ್ಲಿ, ಅಂದರೆ ಬ್ಯಾಂಕಿನೊಂದಿಗಿನ ಒಂದೇ ಬಾರಿಯ ರಾಜಿಯಲ್ಲಿ, ರಿಯಾಯಿತಿ ಪಡೆದು ಮುಗಿಸಿದ ಸಾಲ ‘ಸೆಟಲ್ಡ್’ ಎಂದೇ ದಾಖಲಾಗುತ್ತದೆ, ‘ಕ್ಲೋಸ್ಡ್’ ಎಂದಲ್ಲ. ರಿಯಾಯಿತಿ ಸಿಕ್ಕ ಮೊತ್ತವನ್ನೂ ಕಟ್ಟಿ, ಬ್ಯಾಂಕಿನಿಂದ ಹೊಸ ನೋ ಡ್ಯೂ (ಬಾಕಿ ಇಲ್ಲವೆಂಬ ಪತ್ರ) ಪಡೆದು, ಬದಲಿಸಿ ಕಳಿಸಿ ಎಂದು ಕೇಳಬೇಕು. ಒಟಿಎಸ್ ಮೇಳದಲ್ಲಿ ಈ ಮಾತನ್ನು ಸಹಿ ಹಾಕಿಸುವ ಮೊದಲೇ ಹೇಳಬೇಕಿತ್ತು.

‘ಏಳು ವರ್ಷವಾದರೆ ತಾನೇ ಅಳಿಸಿಹೋಗುತ್ತದೆ’ ಎಂಬ ಮಾತು ಎಲ್ಲೆಡೆ ಇದೆ. ನಿಯಮ ಹೇಳುವುದು ವರದಿ ಕೊಡುವ ಕಂಪನಿ ಕನಿಷ್ಠ ಏಳು ವರ್ಷ ಮಾಹಿತಿ ಇಟ್ಟಿರಬೇಕು ಎಂದು. ಏಳಾದ ಮೇಲೆ ಅಳಿಸಲೇಬೇಕು ಎಂದಲ್ಲ. ಸಾಲ ವಸೂಲಿ ದಾವೆಗೆ ಸಾಮಾನ್ಯವಾಗಿ ಇರುವ ಮೂರು ವರ್ಷದ ಕಾಲಮಿತಿ ಮುಗಿದರೂ ವರದಿಯ ನಮೂದು ಅಲ್ಲೇ ಇರುತ್ತದೆ.

ನಿಜವಾದ ತಪ್ಪಿಗೆ ದಾರಿ ಇದೆ. ಸಿಬಿಲ್ ಎಂದು ನಾವೆಲ್ಲ ಕರೆದರೂ ಇಂಥ ವರದಿ ಕೊಡುವುದು ನಾಲ್ಕು ಕಂಪನಿ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಒಂದರಲ್ಲಿ ಸರಿಯಾದದ್ದು ಉಳಿದ ಮೂರರಲ್ಲಿ ಸರಿಯಾಗಿದೆ ಎಂದು ತಿಳಿಯಬಾರದು, ನಾಲ್ಕನ್ನೂ ತೆಗೆಸಿ ನೋಡಬೇಕು. ಕಂಪನಿ ತಾನಾಗಿ ಒಂದಂಕಿಯನ್ನೂ ತಿದ್ದುವುದಿಲ್ಲ. ದೂರನ್ನು ಬ್ಯಾಂಕಿಗೆ ಕಳಿಸಿ, ಬ್ಯಾಂಕ್ ಒಪ್ಪಿದರೆ ಮಾತ್ರ ಬದಲಿಸುತ್ತದೆ. ಆದ್ದರಿಂದ ಕಂಪನಿಯ ಜಾಲತಾಣದಲ್ಲಿ ಕೊಟ್ಟ ದೂರನ್ನೇ ಅದೇ ದಿನ ಬ್ಯಾಂಕಿಗೂ ಬರಹದಲ್ಲಿ ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಗಡುವು ಶುರುವಾಗುವುದೇ ಇಲ್ಲ. ‘ಸ್ಕೋರ್ ಕಡಿಮೆಯಿದೆ’ ಎಂದು ಬರೆದರೂ ಪ್ರಯೋಜನವಿಲ್ಲ. ಇಂಥ ಖಾತೆ ಸಂಖ್ಯೆ, ಇಂಥ ಕಾಲಂ, ಈಗ ಹೀಗಿದೆ, ಹೀಗಿರಬೇಕು, ಇಗೋ ದಾಖಲೆ ಎಂದು ಬರೆಯಬೇಕು. ಜೊತೆಗೆ ತಮ್ಮ ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರವನ್ನೂ ಕೊಡಬೇಕು.

ಆ ವಿವರ ಯಾಕೆಂದರೆ, 2023ರ ಅಕ್ಟೋಬರ್ 26ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ದೂರು ಕೊಟ್ಟ 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2024ರ ಏಪ್ರಿಲ್ 26ರಿಂದ ಇದು ಜಾರಿಯಲ್ಲಿದೆ. ಬ್ಯಾಂಕಿಗೆ 21 ದಿನ. ಅಷ್ಟರೊಳಗೆ ತಿದ್ದಿದ ಮಾಹಿತಿ ಕಳಿಸದಿದ್ದರೆ ದಂಡ ಬ್ಯಾಂಕಿನದು. ಬ್ಯಾಂಕ್ ಕಳಿಸಿಯೂ ಕಂಪನಿ ತಡಮಾಡಿದರೆ ದಂಡ ಕಂಪನಿಯದು. ದೂರು ಮುಗಿದ ಐದು ಕೆಲಸದ ದಿನಗಳೊಳಗೆ ಹಣ ಖಾತೆಗೆ ಬರಬೇಕು. ಕೋರಿಕೆ ತಿರಸ್ಕರಿಸಿದರೆ ಕಾರಣವನ್ನೂ ತಿಳಿಸಬೇಕು. ಅಲ್ಲಿಗೂ ಬಗೆಹರಿಯದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ, ಮಾಹಿತಿಗೆ 14448. ಈ ನಾಲ್ಕು ಕಂಪನಿಗಳ ಮೇಲಿನ ದೂರನ್ನೂ 2022ರ ಸೆಪ್ಟೆಂಬರ್ 1ರಿಂದ ಅವರು ಕೇಳುತ್ತಾರೆ.

ಇಷ್ಟು ಒಳ್ಳೆಯ ನಿಯಮ ಇದ್ದೂ ಜನ ‘ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ’ ಎನ್ನುವ ಏಜೆಂಟರಿಗೆ ಸಾವಿರಗಟ್ಟಲೆ ಕೊಡುತ್ತಿದ್ದಾರೆ. ಸಾಲಗಾರರು ಪುಕ್ಕಟೆ ಕೊಡಬಹುದಾದ ಅದೇ ದೂರನ್ನೇ ಏಜೆಂಟರೂ ಸಲ್ಲಿಸುವುದು. ನಿಜವಾಗಿ ತಡವಾದ ಕಂತನ್ನು ಅಳಿಸಲು ಅವರಿಂದಲೂ ಆಗದು, ಯಾರಿಂದಲೂ ಆಗದು.

ಹಾಗಾಗಿ ತಮ್ಮಲ್ಲಿ ಕೇಳುವುದು ಇಷ್ಟು. ಸಿಬಿಲ್ ದೂರಿಗೆ ಪ್ರತಿ ಬ್ಯಾಂಕಿನಲ್ಲೂ ನೋಡಲ್ ಅಧಿಕಾರಿ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ; ಅವರ ಹೆಸರು, ಮಿಂಚಂಚೆ, 30 ದಿನ ಮತ್ತು 100 ರೂಪಾಯಿಯ ನಿಯಮ ಕನ್ನಡದಲ್ಲಿ ಪ್ರತಿ ಶಾಖೆಯ ಗೋಡೆಯ ಮೇಲೆ ಕಾಣುವಂತೆ ಮಾಡಿಸಿ. ದೂರಿನ ಕನ್ನಡ ಅರ್ಜಿ ಕೌಂಟರಿನಲ್ಲೇ ಸಿಗಲಿ, ಸ್ವೀಕರಿಸಿದ ಸಂಖ್ಯೆ ಅಲ್ಲೇ ಕೊಡಲಿ. ವಿಲೀನವಾದ ಶಾಖೆಗಳ ಹಳೆಯ ಲೆಡ್ಜರ್‌ಗಳು ಈಗ ಎಲ್ಲಿವೆ ಎಂಬ ಪಟ್ಟಿಯನ್ನು ಲೀಡ್ ಬ್ಯಾಂಕ್ ಮ್ಯಾನೇಜರ್ ಪ್ರಕಟಿಸಲಿ. ಅದಿಲ್ಲದೆ 2012ರ ನೋ ಡ್ಯೂ ಕಳೆದುಕೊಂಡವರು ಇನ್ನೊಂದನ್ನು ಪಡೆಯುವುದು ಹೇಗೆ? ಪ್ರತಿ ಸಭೆಯಲ್ಲೂ ಬ್ಯಾಂಕುವಾರು ಮೂರು ಅಂಕಿ ಮೇಜಿಗೆ ಬರಲಿ: ಬಂದ ದೂರು, 21 ದಿನದೊಳಗೆ ಮುಗಿದದ್ದು, ಕೊಟ್ಟ ಪರಿಹಾರ.

ಲೋಕಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಕನಿಷ್ಠ ಏಳು ವರ್ಷ ಎಂದಿರುವ ನಿಯಮಕ್ಕೆ, ಪೂರ್ತಿ ತೀರಿದ ಸಾಲದ ಮಟ್ಟಿಗಾದರೂ, ಗರಿಷ್ಠ ಎಷ್ಟು ಎಂಬುದನ್ನು ಸರ್ಕಾರ ಯಾವಾಗ ಸೇರಿಸುತ್ತದೆ?

ಇಂತಿ,
ಕರಾವಳಿಯ ಕೆಲವು ನಿವೃತ್ತ ಬ್ಯಾಂಕ್ ನೌಕರರು