ಬಾಗ್ದಾದಿನ ಶಾಲೆಗಳ ಬಗ್ಗೆ ಮಗಳಿಗೊಂದು ಪತ್ರ

ಪುಟ್ಟಿ,

ನಾಳಿದ್ದು ನೀನು ದುಬೈಗೆ ಹೊರಡುತ್ತೀಯ. ಭಾನುವಾರದ ಜಗಳವನ್ನು ಮತ್ತೆ ಎತ್ತುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರಿದೆ, ಆಡಿದ ಮಾತಿಗೆ ಇಲ್ಲ. ಯಹೂದಿಗಳ ಮೇಲಿನ ದ್ವೇಷ ಅರಬರ ರಕ್ತದಲ್ಲೇ ಇದೆ ಎಂದೆ ನೀನು. ಎಲ್ಲ ಶುರುವಾಗಿದ್ದು 1948ರಲ್ಲಿ, ಇಸ್ರೇಲ್ ಹುಟ್ಟಿದ ಮೇಲೆ ಎಂದ ನಿನ್ನ ಮಾವ. ಇಬ್ಬರದೂ ಸುಲಭದ ಉತ್ತರ.

ಹಳೇ ಕಾಲ ಚೆನ್ನಾಗಿತ್ತು ಎಂದು ನಾನೇನೂ ಹೇಳುವುದಿಲ್ಲ. ಮುಸ್ಲಿಂ ದೊರೆಗಳ ಕೆಳಗೆ ಯಹೂದಿಗಳಿಗೆ ರಕ್ಷಣೆ ಇತ್ತು, ಸಮಾನತೆ ಇರಲಿಲ್ಲ. ಜಿಜಿಯಾ ಎಂಬ ತಲೆತೆರಿಗೆ ಕಟ್ಟಬೇಕು. ಎಷ್ಟೋ ಕಡೆ ಬೇರೆ ಗುರುತಿನ ಬಟ್ಟೆ ತೊಡಬೇಕು. ತಗ್ಗಿ ನಡೆದರೆ ಬದುಕು, ತಲೆ ಎತ್ತಿದರೆ ಕಷ್ಟ. 1066ರಲ್ಲಿ ಸ್ಪೇನಿನ ಗ್ರಾನಡಾದಲ್ಲಿ ಮುಸ್ಲಿಂ ದೊರೆಯ ಯಹೂದಿ ವಜೀರನನ್ನು ಕೊಂದ ಗುಂಪು ಅವನ ಜನರನ್ನೂ ಕೊಂದಿತು. ಆದರೆ ಯಹೂದಿಗಳು ಹಬ್ಬಕ್ಕೆ ನರಬಲಿ ಕೊಡುತ್ತಾರೆ ಎಂಬ ಕಥೆ ಯುರೋಪಿನದು. 1840ರಲ್ಲಿ ಡಮಾಸ್ಕಸ್‌ನಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಕಾಣೆಯಾದ. ಯಹೂದಿಗಳೇ ಅವನನ್ನು ಬಲಿ ಕೊಟ್ಟರು ಎಂದರು. ಈ ಆರೋಪಕ್ಕೆ ಬೆನ್ನು ಕೊಟ್ಟವನು ಅಲ್ಲಿದ್ದ ಫ್ರಾನ್ಸಿನ ಪ್ರತಿನಿಧಿ, ಫ್ರೆಂಚ್ ಕಾನ್ಸಲ್.

ನನ್ನ ನಿದ್ದೆ ಕೆಡಿಸುವುದು ಬಾಗ್ದಾದ್. ಸುಮಾರು 2,500 ವರ್ಷಗಳಿಂದ ಯಹೂದಿಗಳಿದ್ದ ಇರಾಕಿನ ರಾಜಧಾನಿ ಅದು. ಆಧುನಿಕ ಇರಾಕಿನ ಮೊದಲ ಹಣಕಾಸು ಮಂತ್ರಿ ಸಾಸೂನ್ ಎಸ್ಕೆಲ್ ಯಹೂದಿ. ಅಂಥ ಊರು ಹೇಗೆ ಕೆಟ್ಟಿತು? ಇರಾಕನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಬ್ರಿಟಿಷರ ಮೇಲಿನ ಸಿಟ್ಟಿತ್ತು, ನಿಜ. ಪ್ಯಾಲೆಸ್ತೀನಿನ ಸಂಕಟವೂ ನಿಜ. ಆ ಸಿಟ್ಟನ್ನು ಪಕ್ಕದ ಮನೆಯವರ ಮೇಲೆ ತಿರುಗಿಸಿದವರು ಬೇರೆ. ಹಿಟ್ಲರನ ಪುಸ್ತಕ ಅಲ್ಲಿನ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. 1939ರಿಂದ ಬರ್ಲಿನ್ ರೇಡಿಯೋ ಅರಬ್ಬಿಯಲ್ಲೇ ಮಾತಾಡಿತು. ಯಹೂದಿಗಳ ಕಡು ವಿರೋಧಿ, ಜೆರುಸಲೇಮಿನ ಮುಫ್ತಿ ಅಂದರೆ ಮುಸ್ಲಿಂ ಧರ್ಮಗುರು ಹಾಜಿ ಅಮೀನ್ ಬಾಗ್ದಾದಿಗೇ ಬಂದು ಕೂತ.

ಇನ್ನು ಶಾಲೆಗಳು. ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿ ಸಾಮಿ ಶೌಕತ್ 1933ರಲ್ಲಿ ವಿದ್ಯಾರ್ಥಿಗಳ ಮುಂದೆ ನಿಂತು ಸಾವಿನ ಕಸುಬು ಕಲಿಯಿರಿ, ಅಂದರೆ ಸೈನಿಕರಾಗಿ ಕೊಲ್ಲಲು, ಸಾಯಲು ಕಲಿಯಿರಿ ಎಂದ. ಹುಡುಗರಿಗೆ ಫುತುವ್ವ ಎಂಬ ದಳ, ಸಮವಸ್ತ್ರ, ಕವಾಯತು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು ಪುಟ್ಟಿ. ಆ ಮೇಷ್ಟ್ರುಗಳು ಅಂಥ ಪಾಠ ಮುಗಿಸಿ ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದರಾ? ಸುಮ್ನೆ ಅದನ್ನೇ ಯೋಚಿಸುತ್ತೇನೆ.

1941ರ ಜೂನ್ 1 ಮತ್ತು 2, ಯಹೂದಿಗಳ ಹಬ್ಬದ ದಿನಗಳು. ಜರ್ಮನಿಯ ಕಡೆ ವಾಲಿದ್ದ ಇರಾಕಿನ ಪ್ರಧಾನಿ ರಶೀದ್ ಅಲಿಯ ಸರ್ಕಾರ ಬ್ರಿಟಿಷರಿಗೆ ಸೋತು ಬಿದ್ದಿತ್ತು. ಗೆದ್ದ ಬ್ರಿಟಿಷ್ ಸೈನ್ಯ ಊರ ಹೊರಗೇ ನಿಂತಿತ್ತು. ಒಳಗೆ ಪೊಲೀಸರು, ಸೈನಿಕರು, ಫುತುವ್ವದ ಆ ಹುಡುಗರು, ಲೂಟಿಕೋರರು ಯಹೂದಿಗಳ ಮೇಲೆ ಬಿದ್ದರು. ಸತ್ತ ಯಹೂದಿಗಳು ಸುಮಾರು 180. ಅದನ್ನು ಫರ್ಹೂದ್ ಎನ್ನುತ್ತಾರೆ. ಮಾವನಿಗೆ ಹೇಳು, ಇಸ್ರೇಲ್ ಹುಟ್ಟಲು ಇನ್ನೂ ಏಳು ವರ್ಷವಿತ್ತು. ನಿನಗೆ ಹೇಳುವುದು, ಬಾಗಿಲಿಗೆ ಅಡ್ಡ ನಿಂತು ಯಹೂದಿಗಳನ್ನು ಉಳಿಸಿದ ಮುಸ್ಲಿಂ ನೆರೆಯವರೂ ಇದ್ದರು. ರಕ್ತದಲ್ಲೇ ಇದ್ದಿದ್ದರೆ ಅವರೆಲ್ಲಿಂದ ಬಂದರು?

1948ರ ನಂತರ ಎಲ್ಲ ಇನ್ನೂ ಬಿಗಡಾಯಿಸಿತು. 1950-51ರಲ್ಲಿ ಪೌರತ್ವ, ಆಸ್ತಿ ಬಿಟ್ಟು ಸುಮಾರು 1,20,000 ಜನ ಇರಾಕಿನಿಂದ ಹೊರಟರು.

ಪಾಠ ಜಾಸ್ತಿಯಾಯಿತು, ಅಲ್ವಾ? ನೀನು ವಾದದಲ್ಲಿ ಸೋಲುವವಳಲ್ಲ. ಅದು ನನಗೆ ಹೆಮ್ಮೆ, ಪರಊರಿನಲ್ಲಿ ಅದೇ ನನ್ನ ಭಯ. ಆಫೀಸಿನಲ್ಲಿ ಇರಾಕಿನವರೋ ಪ್ಯಾಲೆಸ್ತೀನಿನವರೋ ಸಿಕ್ಕರೆ ಮೊದಲು ಅವರ ಮನೆಯ ಕಥೆ ಕೇಳು. ಮಾವನಿಗೂ ಇದರ ಪ್ರತಿ ಕಳಿಸಿದ್ದೇನೆ, ಅವನು ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡ.

ಅಪ್ಪ