ಮನೆಯ ಮೀಡಿಯಾ ಪೆಟ್ಟಿಗೆಯ ಮುಖಪರದೆ ಬದಲಾಗುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯರೇ,

ತಮ್ಮ ಮನೆಯ ಟಿವಿಗೆ ನಾವು ಜೋಡಿಸಿಕೊಟ್ಟಿರುವ ಮೀಡಿಯಾ ಪೆಟ್ಟಿಗೆಯ ತಂತ್ರಾಂಶವನ್ನು ಈ ಸಲದ ದಸರಾ ಮುಗಿದ ಮೇಲೆ ಬರುವ ಮೊದಲ ಭಾನುವಾರದಿಂದ ಹಂತಹಂತವಾಗಿ ಬದಲಿಸಲಿದ್ದೇವೆ. ಮೊದಲು ಮೈಸೂರು ನಗರದ ಮನೆಗಳು, ಆಮೇಲೆ ಶ್ರೀರಂಗಪಟ್ಟಣ, ಮಂಡ್ಯ ಮತ್ತು ಮದ್ದೂರಿನ ಮನೆಗಳು. ಇದಕ್ಕೆ ಶುಲ್ಕವಿಲ್ಲ. ತಮ್ಮ ಹಾರ್ಡ್‌ಡಿಸ್ಕ್‌ನಲ್ಲಿರುವ ಸಿನಿಮಾ, ಹಾಡು, ಫೋಟೋಗಳಲ್ಲಿ ಒಂದನ್ನೂ ನಾವು ಮುಟ್ಟುವುದಿಲ್ಲ. ಆದರೆ ಬದಲಾವಣೆಯಾದ ಮರುದಿನ ಟಿವಿ ಹಾಕಿದಾಗ ಕಾಣುವ ಪರದೆ ಇಂದಿನಂತೆ ಇರುವುದಿಲ್ಲ, ಕೆಲವು ಸೌಲಭ್ಯಗಳಂತೂ ಇರುವುದೇ ಇಲ್ಲ. ಕಾರಣ ತಿಳಿಸದೆ ಹಾಗೆ ಮಾಡುವುದು ಸರಿಯಲ್ಲವೆಂದು ಈ ಪತ್ರ ಬರೆಯುತ್ತಿದ್ದೇವೆ.

ಈಗಿನ ಮುಖಪರದೆಯನ್ನು ವಿನ್ಯಾಸ ಮಾಡುವಾಗ ನಾವು ಒಂದು ದೊಡ್ಡ ತಪ್ಪು ಮಾಡಿದ್ದೆವು. ಸರಸ್ವತಿಪುರಂನ ನಮ್ಮ ಅಂಗಡಿಯಲ್ಲಿ, ಮೇಜಿನ ಮುಂದೆ ಕುಳಿತು, ಎರಡು ಅಡಿ ದೂರದ ಮಾನಿಟರ್ ನೋಡುತ್ತಾ ಅದನ್ನು ರೂಪಿಸಿದ್ದೆವು. ತಾವು ನೋಡುವುದು ನಡುಮನೆಯಲ್ಲಿ, ಹತ್ತು ಅಡಿ ಆಚೆಯಿಂದ, ಕಿಟಕಿಯ ಬೆಳಕು ಗಾಜಿನ ಮೇಲೆ ಬಿದ್ದಿರುವಾಗ, ಕೈಯಲ್ಲಿ ಕಂಪ್ಯೂಟರಿನ ಮೌಸ್ ಬದಲು ರಿಮೋಟ್ ಹಿಡಿದುಕೊಂಡು. ಆರು ಸಾಲು ಪೋಸ್ಟರುಗಳು, ಹಿನ್ನೆಲೆಯಲ್ಲಿ ಚಲಿಸುವ ಚಿತ್ರ, ಮೂಲೆಯಲ್ಲಿ ಹವಾಮಾನ, ಇನ್ನೊಂದು ಮೂಲೆಯಲ್ಲಿ ಡಿಸ್ಕಿನ ಲೆಕ್ಕ, ಇವೆಲ್ಲ ನಮಗೆ ಚೆಂದವಾಗಿ ಕಂಡವು. ಪೆಟ್ಟಿಗೆ ಕೆಟ್ಟಿದೆಯೆಂದು ಬಂದ ಕರೆಗಳಿಗೆ ನಾವು ಓಡಿಹೋದಾಗ ಬಹಳಷ್ಟು ಕಡೆ ಏನೂ ಕೆಟ್ಟಿರಲಿಲ್ಲ, ಬೇಕಾದದ್ದು ಎಲ್ಲಿದೆಯೆಂದು ಸಿಕ್ಕಿರಲಿಲ್ಲ ಅಷ್ಟೆ. ಕುವೆಂಪುನಗರದ ಒಂದು ಮನೆಯಲ್ಲಿ ಹಿರಿಯರೊಬ್ಬರು ಹಣೆಗಿಡುವ ಸ್ಟಿಕ್ಕರನ್ನು ರಿಮೋಟಿನ ಓಕೆ ಗುಂಡಿಯ ಮೇಲೆ ಅಂಟಿಸಿ, ‘ಇದೊಂದನ್ನು ಬಿಟ್ಟು ಬೇರೆ ಯಾವುದನ್ನೂ ಒತ್ತುವುದಿಲ್ಲ’ ಎಂದು ಕಟ್ಟುನಿಟ್ಟು ಮಾಡಿಕೊಂಡಿದ್ದರು. ಹೊಸ ವಿನ್ಯಾಸದ ಕೆಲಸ ಶುರುವಾದದ್ದು ಆ ಮನೆಯಿಂದ ಹಿಂತಿರುಗಿದ ದಿನ.

ಇನ್ನು ಮುಂದೆ ಮುಖಪರದೆಯಲ್ಲಿ ಇರುವುದು ನಾಲ್ಕೇ ಬಾಗಿಲು: ಸಿನಿಮಾ, ಹಾಡು, ನಮ್ಮ ಮನೆ, ರೇಡಿಯೋ. ಅವುಗಳ ಮೇಲೆ, ನಿನ್ನೆ ಅರ್ಧಕ್ಕೆ ಬಿಟ್ಟದ್ದು ಒಂದೇ ಒಂದು ದೊಡ್ಡ ಚೌಕದಲ್ಲಿ ಕಾಣುತ್ತದೆ, ಓಕೆ ಒತ್ತಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆಯ್ಕೆಯಾದ ಚೌಕಕ್ಕೆ ಬಣ್ಣ ಮಾತ್ರ ಬದಲಾಗುತ್ತಿದ್ದುದು ಹಗಲಿನ ಬೆಳಕಿನಲ್ಲಿ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಈಗ ಸುತ್ತ ದಪ್ಪ ಬಿಳಿ ಅಂಚು ಬರುತ್ತದೆ. ಹಿಂದಕ್ಕೆ ಗುಂಡಿ ಯಾವಾಗ ಒತ್ತಿದರೂ ಒಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತದೆ, ಒತ್ತಿ ಹಿಡಿದರೆ ನೇರವಾಗಿ ಮುಖಪರದೆಗೆ. ಮದುವೆ, ನಾಮಕರಣ, ಗೃಹಪ್ರವೇಶ, ವರ್ಷವರ್ಷದ ದಸರಾ ಗೊಂಬೆಗಳ ವಿಡಿಯೋಗಳೆಲ್ಲ ‘ನಮ್ಮ ಮನೆ’ಯೊಳಗೆ ವರ್ಷದ ಪ್ರಕಾರ ಇರುತ್ತವೆ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ, ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ ಊರಿನಲ್ಲಿದ್ದುಕೊಂಡು ನಾವು ರೇಡಿಯೋವನ್ನು ಮೂರನೆಯ ಮೆನುವಿನ ಕೆಳಗೆ ಅಡಗಿಸಿಟ್ಟಿದ್ದೆವು, ಅದನ್ನೂ ಸರಿಪಡಿಸಿದ್ದೇವೆ. ರೇಡಿಯೋ ನುಡಿಯುವಾಗ ಪರದೆ ಕಪ್ಪಾಗುತ್ತದೆ, ಟಿವಿ ಕೆಟ್ಟಿತೆಂದು ದಯವಿಟ್ಟು ಗಾಬರಿಯಾಗಬಾರದು.

ಹೆಚ್ಚು ಶ್ರಮ ಹಿಡಿದದ್ದು ಕನ್ನಡ. ನಮ್ಮ ಪೆಟ್ಟಿಗೆಯ ಒಳಗಿರುವುದು ಕೋಡಿ ಎಂಬ ಮುಕ್ತ ತಂತ್ರಾಂಶವೆಂದು ತಮ್ಮಲ್ಲಿ ಹಲವರಿಗೆ ಗೊತ್ತು (ಕೆರೆಯ ಕೋಡಿಗೂ ಇದಕ್ಕೂ ನಂಟಿಲ್ಲ). ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರದಲ್ಲಿ ವಿಡಿಯೋ ನೋಡಬೇಕೆಂದು ಹವ್ಯಾಸಿಗಳು 2002ರಲ್ಲಿ ಬರೆದ ಪ್ಲೇಯರಿನಿಂದ ಬೆಳೆದು, 2014ರಲ್ಲಿ ಈ ಹೆಸರು ಪಡೆದದ್ದು ಅದು. ಅದರ ಮೇಲೆ ನಾವು ತೊಡಿಸಿದ್ದ ಹೊದಿಕೆಯಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳಿಗೆ ತಕ್ಕಂತೆ ಅಳೆದಿದ್ದರಿಂದ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತಿತ್ತು. ಈಗ ಸಾಲನ್ನು ಎತ್ತರಿಸಿದ್ದೇವೆ. ಇದರಿಂದ ಒಂದು ಪುಟದಲ್ಲಿ ಹಿಂದೆ ಕಾಣುತ್ತಿದ್ದಷ್ಟು ಹೆಸರುಗಳು ಕಾಣುವುದಿಲ್ಲ, ಆದರೆ ಕಂಡಷ್ಟನ್ನು ಕನ್ನಡಕ ಹುಡುಕದೆ ಓದಬಹುದು.

ಹುಡುಕಾಟದ ದೋಷ ಇದಕ್ಕಿಂತ ಸೂಕ್ಷ್ಮವಾದದ್ದು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಎಂಬ ಪದ್ಧತಿಯಲ್ಲಿ ‘ಕೋ’ ಎಂಬುದರ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತನ್ನು ಬೇರೆಬೇರೆಯಾಗಿ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಯಂತ್ರಕ್ಕೆ ಮಾತ್ರ ಅವು ಬೇರೆಬೇರೆ. ಮಗ ಲ್ಯಾಪ್‌ಟಾಪಿನಲ್ಲಿ ಹೆಸರು ಕೊಟ್ಟ ವಿಡಿಯೋ ಅಪ್ಪ ರಿಮೋಟಿನಲ್ಲಿ ಹುಡುಕಿದಾಗ ಸಿಗದೇ ಇದ್ದದ್ದಕ್ಕೆ ಕೆಲವೊಮ್ಮೆ ಇದೇ ಕಾರಣ. ಹೊಸ ತಂತ್ರಾಂಶ ಎರಡನ್ನೂ ಒಂದೇ ರೂಪಕ್ಕೆ ತಂದ ಮೇಲೆ ಹೋಲಿಸುತ್ತದೆ. ಪಟ್ಟಿಯ ಅಕಾರಾದಿ ಕ್ರಮವೂ ಸರಿಯಾಗಿದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ ಆದ ಮೇಲೆ, ಆದರೆ ಯುನಿಕೋಡಿನ ಸಂಖ್ಯೆಗಳಲ್ಲಿ ಅದು ‘ಲ’ ಮತ್ತು ‘ವ’ಗಳ ನಡುವೆ ಕುಳಿತಿದೆ. ಹಾಗಾಗಿ ಇದುವರೆಗೆ ‘ಕಳಸ’ ಎಂದು ಶುರುವಾಗುವ ಹೆಸರು ‘ಕವನ’ಕ್ಕಿಂತ ಮುಂಚೆ ಬರುತ್ತಿತ್ತು. ಯಾರೂ ದೂರು ಕೊಟ್ಟಿರಲಿಲ್ಲ ನಿಜ, ಆದರೆ ಮೇಷ್ಟ್ರೊಬ್ಬರು ಒಮ್ಮೆ ಪಟ್ಟಿ ನೋಡಿ ನಕ್ಕಿದ್ದರು, ಅಷ್ಟು ಸಾಕಾಯಿತು. ಹಳೆಯ ಕನ್ನಡ ಫಾಂಟುಗಳಲ್ಲಿ, ಯುನಿಕೋಡಿಗೆ ಮುಂಚೆ, ಟೈಪು ಮಾಡಿದ ಹೆಸರುಗಳು ಮಾತ್ರ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿಯೇ ಕಾಣುತ್ತವೆ. ಅವನ್ನು ನಮ್ಮಲ್ಲಿಗೆ ತಂದರೆ ಪರಿವರ್ತಿಸಿಕೊಡುತ್ತೇವೆ.

ಚಿತ್ರದ ವಿಷಯದಲ್ಲಿ ಎರಡು ಬದಲಾವಣೆಗಳು ತಮಗೆ ಮೊದಲಿಗೆ ದೋಷದಂತೆ ತೋರಬಹುದು. ಒಂದು, ಹಳೆಯ ಮದುವೆ ವಿಡಿಯೋ ಹಾಕಿದಾಗ ಪರದೆಯ ಎಡಬಲಗಳಲ್ಲಿ ಕಪ್ಪು ಪಟ್ಟಿ ಬರುತ್ತದೆ. ಆ ಕಾಲದ ಕ್ಯಾಸೆಟ್ಟು, ವಿಸಿಡಿಗಳ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು, ಇಂದಿನ ಟಿವಿ ಹದಿನಾರಕ್ಕೆ ಒಂಬತ್ತರದು. ಪರದೆ ತುಂಬಲೆಂದು ಇಷ್ಟು ದಿನ ಅದನ್ನು ಅಗಲಕ್ಕೆ ಎಳೆಯುತ್ತಿದ್ದೆವು, ಮದುಮಗಳ ಮುಖವೂ ಜೊತೆಗೇ ಎಳೆದುಕೊಳ್ಳುತ್ತಿತ್ತು. ಎರಡು, ಸಿನಿಮಾ ಶುರುವಾಗುವಾಗ ಒಂದೆರಡು ಸೆಕೆಂಡು ಪರದೆ ಕಪ್ಪಾಗುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳಿರುತ್ತವೆ, ಟಿವಿ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಪರದೆಯನ್ನು ತುಂಬುತ್ತದೆ. 60ನ್ನು 24ರಿಂದ ಸರಿಯಾಗಿ ಭಾಗಿಸಲಾಗದ್ದರಿಂದ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ತೋರುತ್ತಾ ಹೋಗಿ, ಕ್ಯಾಮೆರಾ ನಿಧಾನವಾಗಿ ಸರಿಯುವ ದೃಶ್ಯಗಳಲ್ಲಿ ಸಣ್ಣ ಕುಲುಕಾಟ ಕಾಣುತ್ತದೆ. ಈಗ ಪೆಟ್ಟಿಗೆಯೇ ಟಿವಿಯ ವೇಗವನ್ನು ಸಿನಿಮಾಕ್ಕೆ 24ಕ್ಕೂ ನಮ್ಮ ದೇಶದ ಡಿವಿಡಿ, ವಿಸಿಡಿಗಳಿಗೆ 50ಕ್ಕೂ ಹೊಂದಿಸುತ್ತದೆ. ಆ ಕಪ್ಪು, ಟಿವಿ ಹೊಸ ವೇಗಕ್ಕೆ ಹೊಂದಿಕೊಳ್ಳುವ ಸಮಯ.

ಕರೆಂಟು ಹೋದರೆ ನೋಡುತ್ತಿದ್ದ ಜಾಗ ಮರೆತುಹೋಗುತ್ತದೆಂಬ ದೂರು ಮಂಡ್ಯದ ಕಡೆಯಿಂದ ಹೆಚ್ಚು ಬಂದಿದೆ. ಪ್ಲೇಯರ್ ಆ ಜಾಗವನ್ನು ಗುರುತು ಮಾಡಿಕೊಳ್ಳುತ್ತಿದ್ದುದು ನಿಲ್ಲಿಸುವಾಗ ಮಾತ್ರ. ಈಗ ನಿಮಿಷಕ್ಕೊಮ್ಮೆ ಬರೆದಿಡುತ್ತದೆ, ಅದೂ ಬೇಗ ಸವೆಯುವ ಮೆಮೊರಿ ಕಾರ್ಡಿನಲ್ಲಿ ಅಲ್ಲ, ಹಾರ್ಡ್‌ಡಿಸ್ಕ್‌ನಲ್ಲಿ.

ಇನ್ನು ತೆಗೆದುಹಾಕಿದವು. ಹವಾಮಾನ ಮತ್ತು ಡಿಸ್ಕಿನ ಲೆಕ್ಕ ಮುಖಪರದೆಯಿಂದ ಹೋಗಿ ಸೆಟ್ಟಿಂಗ್ಸ್ ಸೇರಿವೆ. ಅಂತರ್ಜಾಲದಿಂದ ತಾನಾಗಿ ಬರುತ್ತಿದ್ದ ‘ತಮಗಾಗಿ’ ಎಂಬ ಸಾಲು ಇರುವುದಿಲ್ಲ. ತಮ್ಮ ಬಳಿ ಇಲ್ಲದ ಸಿನಿಮಾಗಳನ್ನು ತೋರಿಸಲು ಅದು ತಮ್ಮ ಮುಖಪರದೆ ಬರುವುದನ್ನೇ ತಡಮಾಡುತ್ತಿತ್ತು. ಯಾರ್ಯಾರೋ ಹಾಕಿಕೊಟ್ಟ, ಅನುಮತಿಯಿಲ್ಲದೆ ಹೊಸ ಸಿನಿಮಾಗಳನ್ನು ತೋರಿಸುವ ಆ್ಯಡ್-ಆನ್‌ಗಳು (ಕೋಡಿಗೆ ಸೇರಿಸುವ ಪುಟ್ಟ ತಂತ್ರಾಂಶಗಳು) ಕೆಲವು ಪೆಟ್ಟಿಗೆಗಳಲ್ಲಿವೆ, ಅವು ಮುಂದೆ ನಡೆಯುವುದಿಲ್ಲ, ನಾವು ಮರಳಿ ಹಾಕಿಕೊಡುವುದೂ ಇಲ್ಲ. ಕೋಡಿಯಲ್ಲಿ ಸ್ವತಃ ಯಾವ ಸಿನಿಮಾವೂ ಇರುವುದಿಲ್ಲ, ಅದು ತಮ್ಮ ಸಂಗ್ರಹವನ್ನು ತೋರಿಸುವ ಸಾಧನ ಅಷ್ಟೆ.

ಇದನ್ನು ಎರಡು ವರ್ಷ ಮುಂಚೆಯೇ ಮಾಡಬಹುದಿತ್ತಲ್ಲ ಎಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಾವು ಕೋಡಿಯ 18ನೇ ಆವೃತ್ತಿಯಲ್ಲೇ ನಿಂತಿದ್ದೆವು. 2021ರಲ್ಲಿ ಬಂದ 19ನೇ ಆವೃತ್ತಿ, ತಂತ್ರಾಂಶ ಬರೆಯುವ ಪೈಥಾನ್ ಎಂಬ ಭಾಷೆಯ ಹೊಸ ರೂಪವಾದ ಪೈಥಾನ್ 3ಕ್ಕೆ ಬದಲಾದದ್ದರಿಂದ ನಾವು ಹಳೆಯ ಪೈಥಾನಿನಲ್ಲಿ ಬರೆದಿದ್ದ ಆ್ಯಡ್-ಆನ್‌ಗಳೆಲ್ಲ ಅದರಲ್ಲಿ ನಡೆಯುತ್ತಿರಲಿಲ್ಲ, ಮತ್ತೆ ಬರೆಯಲು ಇರುವವರು ನಾವು ಮೂರೇ ಜನ. ಪೈಥಾನ್ 2ಕ್ಕೆ ಅದರ ತಯಾರಕರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿತ್ತು, ಇಷ್ಟು ತಡಮಾಡಿದ್ದಕ್ಕೆ ಕ್ಷಮೆ ಕೇಳುತ್ತೇವೆ. ಈಗ ನೇರವಾಗಿ 21ಕ್ಕೆ ಹೋಗುತ್ತಿದ್ದೇವೆ. ಹಳೆಯ ಮುಖಪರದೆಯನ್ನೇ ಉಳಿಸಿಕೊಳ್ಳಬಹುದೇ ಎಂದು ಮೊದಲೇ ಸುದ್ದಿ ತಿಳಿದ ಕೆಲವರು ಕೇಳಿದ್ದಾರೆ. ಎರಡು ವಿನ್ಯಾಸಗಳನ್ನು ಒಟ್ಟಿಗೆ ಸಾಕುವ ಶಕ್ತಿ ನಮಗಿಲ್ಲ, ಆದ್ದರಿಂದ ಆಗುವುದಿಲ್ಲ.

ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಒಳಗಿರುವ ನಮ್ಮ ಮೊದಲ ಪೆಟ್ಟಿಗೆಗಳಿಗೂ ಹೊಸ ತಂತ್ರಾಂಶ ಸಿಗುತ್ತದೆ. ಆದರೆ ಹೊಸ ಫೋನುಗಳು ವಿಡಿಯೋ ಕುಗ್ಗಿಸಲು ಬಳಸುವ ಎಚ್‌ಇವಿಸಿ ವಿಧಾನವನ್ನು ಬಿಡಿಸುವ ಯಂತ್ರಾಂಶ ಅದರಲ್ಲಿಲ್ಲ, ಆ ವಿಡಿಯೋಗಳು ತಡವರಿಸುತ್ತವೆ. ತೊಂದರೆಯಾಗುತ್ತಿದ್ದರೆ ಪೈ 4ರ ಪೆಟ್ಟಿಗೆಯನ್ನು ನಮಗೆ ಬೀಳುವ ಬೆಲೆಗೇ ಕೊಡುತ್ತೇವೆ.

ಟಿವಿಯ ರಿಮೋಟಿನಿಂದಲೇ ಪೆಟ್ಟಿಗೆಯನ್ನು ನಡೆಸುವ ಸೌಲಭ್ಯ ಈ ಸಲ ಎಲ್ಲರಿಗೂ ತೆರೆದಿರುತ್ತದೆ. ಅದಕ್ಕಾಗಿ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಸಿಇಸಿ ಎಂಬುದನ್ನು ಒಮ್ಮೆ ಚಾಲೂ ಮಾಡಬೇಕು. ಸ್ಯಾಮ್‌ಸಂಗ್ ಟಿವಿಯಲ್ಲಿ ಅದಕ್ಕೆ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎಂಬ ಹೆಸರಿರುತ್ತದೆ. ಸಿಗದಿದ್ದರೆ ಫೋನ್ ಮಾಡಿ, ನಮ್ಮ ಹುಡುಗ ಬಂದು ಮಾಡಿಕೊಡುತ್ತಾನೆ. ತಮ್ಮ ಸರದಿಯ ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಪೆಟ್ಟಿಗೆಯ ಸ್ವಿಚ್ಚು ಹಾಕಿಯೇ ಇರಲಿ, ನಡುವೆ ಆರಿಸಬೇಡಿ.

ಇತಿ ತಮ್ಮ ವಿಶ್ವಾಸಿಗಳು,
ಸಂಸ್ಥೆಯ ಪಾಲುದಾರರು
ಸರಸ್ವತಿಪುರಂ, ಮೈಸೂರು