ಬಿ.ಪಿ. ಮಾತ್ರೆ ಬಿಟ್ಟ ಗೆಳೆಯನಿಗೆ

ಪ್ರಿಯ ಸ್ಟೇಷನ್ ಮಾಸ್ಟರ್,

ಗುಂಪಿನಲ್ಲಿ ನೀನು ಹಾಕಿದ ಶುಗರ್ ವರದಿ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಅದರ ಕೆಳಗೆ ‘ಶುಗರ್ ಹತೋಟಿಗೆ ಬಂತು, ಬಿ.ಪಿ. ಮಾತ್ರೆ ಬಿಟ್ಟೆ’ ಎಂದು ಬರೆದಿದ್ದೆಯಲ್ಲ, ಆ ಸಾಲು ತಲೆಯಿಂದ ಇಳಿಯುತ್ತಿಲ್ಲ. ನಿನ್ನಂತೆಯೇ ಯೋಚಿಸುವವರು ನಿಮ್ಮ ದುರ್ಗದಲ್ಲೂ ನಮ್ಮ ದಾವಣಗೆರೆಯಲ್ಲೂ ಬೇಕಾದಷ್ಟು ಇದ್ದಾರೆ. ಅದಕ್ಕೇ ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ.

ಮೊನ್ನೆ ಇಲ್ಲಿ ಕಣ್ಣಿನ ವೈದ್ಯರಲ್ಲಿಗೆ ಹೋಗಿದ್ದೆ. ಪಾಪೆ ಹಿಗ್ಗುವ ಹನಿ ಹಾಕಿ, ಕಣ್ಣು ಮುಚ್ಚಿ ಕೂರಿಸಿ, ಆಮೇಲೆ ಬೆಳಕು ಬಿಟ್ಟು ನೋಡಿದರು. ನೋಡಿದವರು ಕೇಳಿದ್ದು ಶುಗರ್ ಒಂದನ್ನೇ ಅಲ್ಲ: ಬಿ.ಪಿ. ಎಷ್ಟು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಕೊಲೆಸ್ಟರಾಲ್ ನೋಡಿಸಿದಿರಾ, ರಕ್ತಹೀನತೆ ಇದೆಯೇ, ಬೀಡಿ ಸಿಗರೇಟು ಉಂಟೇ? ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ಕೂದಲೆಳೆಯಂಥ ರಕ್ತನಾಳಗಳನ್ನು ಸಕ್ಕರೆ ಮೊದಲೇ ದುರ್ಬಲಗೊಳಿಸಿರುತ್ತದೆ, ಅದರ ಮೇಲೆ ಒತ್ತಡವೂ ಬಿದ್ದರೆ ರಕ್ತ, ನೀರು ಜಿನುಗುತ್ತದೆ. ಮೂತ್ರಪಿಂಡದ ನಾಳಗಳದ್ದೂ ಇದೇ ಪಾಡು. ಬ್ರಿಟನ್ನಿನಲ್ಲಿ ಟೈಪ್ 2 ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನ 1998ರಲ್ಲೇ ಇದನ್ನು ತೋರಿಸಿದೆ. ಬಿ.ಪಿ.ಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಅಕ್ಷಿಪಟಲದ ತೊಂದರೆ ಉಲ್ಬಣಿಸುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಅವರ ಸರಾಸರಿ ಬಿ.ಪಿ. ಆಗ 144/82. ಈಗ ಸಾಮಾನ್ಯವಾಗಿ 130/80ಕ್ಕಿಂತ ಕೆಳಗಿರಲಿ ಎನ್ನುತ್ತಾರೆ.

ನನ್ನ ಎಡಗಣ್ಣಿನೊಳಗೆ ಸಣ್ಣ ಕೆಂಪು ಚುಕ್ಕೆಗಳಿವೆಯಂತೆ. ಆರಂಭದ ಹಂತ, ಸದ್ಯಕ್ಕೆ ಕಣ್ಣಿಗೆ ಚಿಕಿತ್ಸೆ ಬೇಡ ಎಂದರು. ನೋವಿಲ್ಲ, ಮಸುಕಿಲ್ಲ, ನಾನಾಗಿ ಎಂದೂ ತಿಳಿಯುತ್ತಿರಲಿಲ್ಲ. ಇದನ್ನು ಬರೆಯುವ ಮನಸ್ಸಿರಲಿಲ್ಲ, ಬರೆದಾಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನಕ್ಷತ್ರದ ಸಣ್ಣ ಅಕ್ಷರಗಳನ್ನು ಓದುತ್ತೇನೆ. ಚೌಕದ ಗೆರೆಗಳು ನೆಟ್ಟಗಿವೆಯೇ ಎಂದು ನೋಡುತ್ತೇನೆ. ಭಯವಾಗುತ್ತದೆ ಕಣೋ. ಮನೆಯವಳಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿ ತಿಳಿದುಕೊಳ್ಳುವ ಮೊದಲು ಇಂದು ಸಂಜೆ ನಾನೇ ಹೇಳುತ್ತೇನೆ.

ಸಾಕು, ನಿನ್ನ ವಿಷಯಕ್ಕೆ ಬರೋಣ. ಮಾತ್ರೆ ಕೊಟ್ಟ ಡಾಕ್ಟರರನ್ನು ನಾಳೆಯೇ ಕಾಣು. ಶನಿವಾರ ಇಲ್ಲಿಗೆ ಬಾ, ನಿನ್ನ ಕಣ್ಣನ್ನೂ ತೋರಿಸೋಣ. ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಸುಕಾಗಿರುತ್ತದೆ, ಬೈಕ್ ಬೇಡ, ಬಸ್ಸಿನಲ್ಲೇ ಬಾ. ಬೆಣ್ಣೆ ದೋಸೆ ಇಬ್ಬರಿಗೂ ಸೇರಿ ಒಂದೇ, ಮೇಲಿನ ಬೆಣ್ಣೆ ಪಕ್ಕಕ್ಕೆ. ಮೆಣಸಿನಕಾಯಿ ಬಜ್ಜಿಯ ಮಾತೆತ್ತಬೇಡ. ಆ ಹಳದಿ ಅಂಗಿಯನ್ನಂತೂ ಹಾಕಿಕೊಂಡು ಬರಲೇಬೇಡ.

ನಿನ್ನವನೇ,
ಪಿ.ಬಿ. ರಸ್ತೆಯವನು